ಕಲ್ಲುನೆಲದ ಬಂಗಾರ

ರಜೆ ಬಂತೆಂದರೆ ಮೊಮ್ಮಕ್ಕಳು ಯಾವ ಸಿನಿಮಾ ನೋಡೋಣ ತಾತ ಎಂದು ಕೇಳುತ್ತಾರೆ. ನನ್ನ ಉತ್ತರ ಬದಲಾಗುವುದಿಲ್ಲ: 'ಬಂಗಾರದ ಮನುಷ್ಯ'. 1972ರ ಚಿತ್ರ. "ಅಷ್ಟು ಹಳೇದಾ?" ಎಂದು ಮೂಗು ಮುರಿಯುತ್ತಾರೆ. ಮುರಿಯಲಿ ಬಿಡಿ, ಅರ್ಧ ಗಂಟೆ ಕಳೆದ ಮೇಲೆ ಯಾರೂ ಎದ್ದು ಹೋಗಿದ್ದನ್ನು ನಾನು ಕಂಡಿಲ್ಲ.

ಮಕ್ಕಳೇ, ಕಥೆ ಸ್ವಲ್ಪ ಹೇಳುತ್ತೇನೆ, ಪೂರ್ತಿ ಹೇಳುವುದಿಲ್ಲ. ರಾಜೀವ ಎಂಬ ಓದಿದ ಹುಡುಗ ಅಕ್ಕನ ಊರಿಗೆ ಬರುತ್ತಾನೆ. ನೋಡಿದರೆ ಭಾವ ತೀರಿಕೊಂಡಿದ್ದಾರೆ. ಅಕ್ಕ, ಅವಳ ಮಕ್ಕಳಿಗೆ ದಿಕ್ಕಿಲ್ಲ. ಪಟ್ಟಣಕ್ಕೆ ಹೋಗಿ ಕೆಲಸ ಹುಡುಕುವುದು ಬಿಟ್ಟು ಅವನು ಅಲ್ಲೇ ನಿಲ್ಲುತ್ತಾನೆ, ಬೇಡವೆಂದು ಎಲ್ಲರೂ ಬಿಟ್ಟ ಕಲ್ಲುನೆಲಕ್ಕೆ ಕೈ ಹಾಕುತ್ತಾನೆ. ರಾಜೀವನ ಪಾತ್ರ ಡಾ. ರಾಜ್‌ಕುಮಾರ್ ಅವರದು. ಟಿ.ಕೆ. ರಾಮರಾವ್ ಅವರ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ, ಜಿ.ಕೆ. ವೆಂಕಟೇಶ್ ಅವರ ಸಂಗೀತ. ರಾಮರಾಯರು ಹೆಸರಾದದ್ದು ಪತ್ತೇದಾರಿ ಕಾದಂಬರಿಗಳಿಂದ. ಅದಕ್ಕೇ ಇರಬೇಕು, ಈ ಬೇಸಾಯದ ಕಥೆಯ ಒಳಗೂ ಒಂದು ಗುಟ್ಟು ಅಡಗಿದೆ.

ನಮ್ಮ ಕಡೆಯವರಿಗೆ ಈ ಚಿತ್ರ ಯಾಕೆ ಅಷ್ಟು ನಾಟಿತು ಎಂಬುದಕ್ಕೆ ಕಾರಣವಿದೆ. ಮಂಡ್ಯ ಎಂದರೆ ಈಗ ಕಬ್ಬು, ಭತ್ತ, ಆಲೆಮನೆ. ಮೊದಲು ಹಾಗಿರಲಿಲ್ಲ. ಕನ್ನಂಬಾಡಿ ಕಟ್ಟೆಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂದದ್ದು 1930ರ ದಶಕದಲ್ಲಿ. ಅದಕ್ಕೆ ಮುಂಚೆ ರಾಗಿ, ಹುರುಳಿ ಬಿತ್ತಿ ಆಕಾಶ ನೋಡುವುದೇ ಬದುಕು. ನಾಲೆ ಬಂದ ಮೇಲೂ ಮದ್ದೂರು, ಮಳವಳ್ಳಿ ಕಡೆಯ ನಾವು ಕೊನೇ ಭಾಗದವರು. ಮೇಲಿನವರ ಗದ್ದೆ ತುಂಬಿ ಮಿಕ್ಕದ್ದು ನಮ್ಮ ತೂಬಿಗೆ. ಹಾಗಾಗಿ ಪರದೆಯ ಮೇಲೆ ಬಂಡೆ ಒಡೆದು ನೆಲ ಹಸನು ಮಾಡುವುದನ್ನು ಕಂಡಾಗ, ಟೆಂಟಿನಲ್ಲಿ ಕೂತಿದ್ದ ರೈತರಿಗೆ ಅದು ಸಿನಿಮಾ ಅನ್ನಿಸಲೇ ಇಲ್ಲ. ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು "ಹಾಕಪ್ಪ, ಇನ್ನೊಂದೇಟು ಹಾಕು" ಎಂದು ಕೂಗಿದ್ದು ನೆನಪಿದೆ.

ಟೆಂಟು ಎಂದರೆ ಏನೆಂದು ತಾತ ಅಜ್ಜಿಯರನ್ನು ಕೇಳಿ. ನೆಲದ ಟಿಕೆಟ್ ತೆಗೆದುಕೊಂಡವರು ಮರಳು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂರುತ್ತಿದ್ದರು, ಮುಂದಿನವರ ತಲೆ ಅಡ್ಡ ಬಾರದಿರಲಿ ಎಂದು. ಇದ್ದದ್ದು ಒಂದೇ ಪ್ರೊಜೆಕ್ಟರ್. ರೀಲು ಮುಗಿದಾಗಲೆಲ್ಲ ದೀಪ ಹತ್ತುತ್ತಿತ್ತು, ಕಡಲೆಕಾಯಿ ಮಾರುವವನಿಗೆ ಒಂದು ಸಿನಿಮಾದಲ್ಲಿ ಮೂರು ನಾಲ್ಕು ಇಂಟರ್‌ವಲ್. ರೀಲು ಬದಲಾಯಿಸುವುದನ್ನು ಇಣುಕಿ ನೋಡಿದಾಗ ಗೊತ್ತಾಯಿತು: ಚಲಿಸುವ ರಾಜೀವ ನಿಜಕ್ಕೂ ನಿಂತ ಚಿತ್ರಗಳ ಸಾಲು, ಸೆಕೆಂಡಿಗೆ ಇಪ್ಪತ್ತನಾಲ್ಕು! ನನಗೆ ಸಿನಿಮಾದ ಹುಚ್ಚು ಹಿಡಿದದ್ದು ಅವತ್ತೇ.

ರಾಜೀವನಿಗೆ ಬೆನ್ನಾಗಿ ನಿಲ್ಲುವ ರಾಚೂಟಪ್ಪನನ್ನು ಗಮನಿಸಿ. ಬಾಲಕೃಷ್ಣ ಅವರ ಪಾತ್ರ. ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಿದ್ದರು. ಆದರೂ ಒಂದು ಮಾತೂ ತಡವಾಗುವುದಿಲ್ಲ, ಬೇಕಾದರೆ ಪರೀಕ್ಷಿಸಿ. ಹಾಡುಗಳ ಬಗ್ಗೆ ನಾನು ಹೇಳುವುದೇನೂ ಇಲ್ಲ, ಅಜ್ಜಿಯಂದಿರೇ ಹಾಡಿ ತೋರಿಸುತ್ತಾರೆ. ಒಂದು ಎಚ್ಚರಿಕೆ: ಗೂಳಿಯ ದೃಶ್ಯ ಬಂದಾಗ ಪುಟ್ಟ ಮಕ್ಕಳನ್ನು ಮಡಿಲಿಗೆ ಕರೆದುಕೊಳ್ಳಿ.

ಕೊನೆಯ ಭಾಗಕ್ಕೆ ಬರೋಣ. ರಾಜೀವ ಬೆಳೆಸಿದ ಅಕ್ಕನ ಮಗ ಕೇಶವ ದೊಡ್ಡವನಾಗಿ, ಊಟಕ್ಕೆ ಕೂತ ಮಾವನನ್ನೇ ಅನುಮಾನಿಸಿ ಮಾತನಾಡುತ್ತಾನೆ. ವಜ್ರಮುನಿ ಆ ಪಾತ್ರ ಮಾಡಿದ್ದಾರೆ. ನಮಗೆಲ್ಲ ಅವರ ಮೇಲೆ ಎಷ್ಟು ದಿನ ಸಿಟ್ಟಿತ್ತೋ! ಒಂದು ನಿಜ ಹೇಳಿದರೆ ರಾಜೀವ ಗೆಲ್ಲುತ್ತಾನೆ. ಆದರೆ ಆ ನಿಜ ಅಕ್ಕನ ಮನಸ್ಸನ್ನು ಒಡೆಯುತ್ತದೆ. ಅವನು ಹೇಳುವುದಿಲ್ಲ. ಎದ್ದು ಹೊರಟುಬಿಡುತ್ತಾನೆ.

ಹೇಳಬೇಕಿತ್ತೇ, ಬೇಡವೇ? ನಮ್ಮ ಮನೆಯಲ್ಲಿ ಇದು ಇನ್ನೂ ತೀರ್ಮಾನವಾಗಿಲ್ಲ. ಏಳನೇ ಕ್ಲಾಸಿನ ಮೊಮ್ಮಗಳು ಹೇಳಲೇಬೇಕಿತ್ತು ಎನ್ನುತ್ತಾಳೆ. ಬೈಸಿಕೊಂಡು ಸುಮ್ಮನಿರುವುದು ಅನ್ಯಾಯ ಎಂಬುದು ಅವಳ ವಾದ. ಅವಳ ಅಜ್ಜಿ ಒಪ್ಪುವುದಿಲ್ಲ. ನನಗೋ, ಅವನು ಸುಮ್ಮನಿದ್ದದ್ದು ಸರಿ, ಕೇಶವ ಕೇಳಿದ ರೀತಿ ತಪ್ಪು ಎನಿಸುತ್ತದೆ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ ಚಿತ್ರವಿದು. ಅಷ್ಟು ಜನ ನೋಡಿದ್ದು, ಆ ಅರ್ಧ ಊಟದ ತಟ್ಟೆ ಪ್ರತಿ ಮನೆಯಲ್ಲೂ ಒಂದಿಲ್ಲೊಂದು ದಿನ ಇದ್ದೇ ಇರುತ್ತದೆ ಎಂಬುದಕ್ಕೇನೋ.

ಅವತ್ತು ಟೆಂಟಿನಿಂದ ಗಾಡಿಯಲ್ಲಿ ಮನೆಗೆ ಬರುವಾಗ ನಾನು ನಮ್ಮಜ್ಜಿಯನ್ನು ಒಂದೇ ಸಮ ಕೇಳಿದ್ದೆ, ರಾಜೀವ ಎಲ್ಲಿಗೆ ಹೋದ ಎಂದು. ಅಜ್ಜಿ ಕಣ್ಣೊರೆಸಿಕೊಂಡು ಹೇಳಿತು: "ಅವ್ನು ಸುಮ್ಕೆ ಕೂರೋ ಆಳಲ್ಲ ಕನ್ ಮಗ. ಇನ್ಯಾವುದೋ ಊರಲ್ಲಿ ಕಲ್ಲು ಒಡೀತಾವ್ನೆ."