ವೆಬಿನಾರ್: ಗೋಡೆಯಿಲ್ಲದ ಸಭಾಂಗಣಕ್ಕೆ ಕಾವಲುಗಾರ ಯಾರು?

ವಿಚಾರ ಸಂಕಿರಣವೆಂದರೆ ದೀಪ ಬೆಳಗುವ ವೇದಿಕೆ, ಅತಿಥಿಗಳ ಪ್ರಯಾಣ ಭತ್ಯೆ, ಮಧ್ಯಾಹ್ನದ ಊಟ ಎಂಬ ಕಾಲವಿತ್ತು. ವಿದೇಶಿ ವಿದ್ವಾಂಸರು ಬರಬೇಕಾದರೆ ವೀಸಾ ಬೇಕಿತ್ತು. 2020ರಲ್ಲಿ ಕೋವಿಡ್ ಸಭಾಂಗಣಗಳಿಗೆ ಬೀಗ ಹಾಕಿಸಿದಾಗ ಗೋಷ್ಠಿಗಳು ಕಂಪ್ಯೂಟರ್ ಪರದೆಗೆ ಸ್ಥಳಾಂತರಗೊಂಡವು. ಬೀದರಿನ ಉಪನ್ಯಾಸಕಿಯೊಬ್ಬರು ರಜೆ ಹಾಕದೆ, ಕೈಯಿಂದ ಖರ್ಚು ಮಾಡದೆ ಅಮೆರಿಕದ ಪ್ರಾಧ್ಯಾಪಕರನ್ನು ಪ್ರಶ್ನಿಸುವುದು ಸಾಧ್ಯವಾಯಿತು.

ಈ ಅವಕಾಶ ಎಲ್ಲರಿಗೂ ಸಮಾನವಾಗಿರಲಿಲ್ಲ ಎಂಬುದು ನಿಜ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಂತೆ ಅಂತರ್ಜಾಲ ಸೌಲಭ್ಯವಿದ್ದ ಕುಟುಂಬಗಳ ಪ್ರಮಾಣ ನಗರಗಳಲ್ಲಿ ಶೇ. 42, ಗ್ರಾಮಾಂತರದಲ್ಲಿ ಸುಮಾರು ಶೇ. 15. ಆದರೆ ಮಾತಿಗೆ ಎದುರಾದ ಅಡ್ಡಿ ಸಿಗ್ನಲ್‌ನದು ಮಾತ್ರವಲ್ಲ.

ವೀಸಾದ ಅಗತ್ಯ ತಪ್ಪಿದಲ್ಲಿ ಅನುಮತಿಯ ಅಗತ್ಯ ಹುಟ್ಟಿಕೊಂಡಿತು. 2021ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯು, ದೇಶದ ಭದ್ರತೆ, ಗಡಿ, ಈಶಾನ್ಯ ರಾಜ್ಯಗಳು, ಜಮ್ಮು-ಕಾಶ್ಮೀರ, ಲಡಾಖ್ ಹಾಗೂ 'ಆಂತರಿಕ ವಿಷಯ'ಗಳ ಕುರಿತ ಅಂತರರಾಷ್ಟ್ರೀಯ ಆನ್‌ಲೈನ್ ಗೋಷ್ಠಿಗಳ ಮೇಲೆ ನಿರ್ಬಂಧ ವಿಧಿಸಿತು. ಸರ್ಕಾರಿ ಅನುದಾನದ ವಿಶ್ವವಿದ್ಯಾಲಯಗಳೂ ಅದರ ವ್ಯಾಪ್ತಿಗೆ ಬಂದವು. 'ಆಂತರಿಕ ವಿಷಯ' ಎಂದರೇನು? ಬರ, ಜಾತಿ, ಸಾಂಕ್ರಾಮಿಕ ರೋಗ ಎಲ್ಲವೂ ಆಂತರಿಕವೇ ಅಲ್ಲವೇ? ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿ ಈ ಅಸ್ಪಷ್ಟತೆಯನ್ನು ಆಕ್ಷೇಪಿಸಿ ಸಚಿವರಿಗೆ ಪತ್ರ ಬರೆಯಿತು. ಫೆಬ್ರುವರಿಯಲ್ಲಿ ಆದೇಶ ಹಿಂದಕ್ಕೆ ಹೋಯಿತು.

ಆದೇಶ ಹೋದರೂ ಅಂಜಿಕೆ ಹೋಗಲಿಲ್ಲ. ಅದೇ ವರ್ಷದ ಜುಲೈನಲ್ಲಿ ಮಧ್ಯಪ್ರದೇಶದ ಸಾಗರದ ಹರಿಸಿಂಗ್ ಗೌರ್ ವಿಶ್ವವಿದ್ಯಾಲಯದ ಮಾನವಶಾಸ್ತ್ರ ವಿಭಾಗ, ಅಮೆರಿಕದ ಮಾಂಟ್‌ಕ್ಲೇರ್ ರಾಜ್ಯ ವಿಶ್ವವಿದ್ಯಾಲಯದ ಜತೆ ವೈಜ್ಞಾನಿಕ ಮನೋಭಾವ ಕುರಿತು ವೆಬಿನಾರ್ ಏರ್ಪಡಿಸಿತ್ತು. ವಿದ್ಯಾರ್ಥಿ ಸಂಘಟನೆಯೊಂದು ಭಾಷಣಕಾರರ ಬಗ್ಗೆ ದೂರಿತು. ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ಕುಲಪತಿಗೆ ಎಚ್ಚರಿಕೆಯ ಪತ್ರ ಬರೆದರು. ವಿಭಾಗವು ಹಿಂದೆ ಸರಿಯಿತು.

ಈ ಪ್ರಕರಣ ಕಲಿಸುವ ಪಾಠ ಸ್ಪಷ್ಟ. ಭಾಷಣಕಾರರು ಎಲ್ಲಿ ಕುಳಿತು ಮಾತನಾಡಿದರೂ ಅದರ ಹೊಣೆ ಬೀಳುವುದು ಆತಿಥೇಯ ಸಂಸ್ಥೆಯ ತಲೆಯ ಮೇಲೆ. ದೂರದ ದೊಡ್ಡ ವಿಶ್ವವಿದ್ಯಾಲಯಕ್ಕೆ ಒಂದು ಗೋಷ್ಠಿ ತಪ್ಪಿದರೆ ನಷ್ಟ ಅಲ್ಪ. ಜಿಲ್ಲಾ ಕೇಂದ್ರದ ವಿದ್ಯಾರ್ಥಿಗೆ ಅದು ಜಗತ್ತಿನೊಡನೆ ಮಾತನಾಡುವ ಅಪರೂಪದ ಅವಕಾಶ. ತಮ್ಮ ಗೋಷ್ಠಿಯ ವಿಷಯ ಹಾಗೂ ಭಾಷಣಕಾರರನ್ನು ತಾವೇ ನಿರ್ಧರಿಸುತ್ತೇವೆಂದು ಕುಲಪತಿಗಳು ಗಟ್ಟಿಯಾಗಿ ಹೇಳದಿದ್ದರೆ, ತಂತ್ರಜ್ಞಾನ ಎಷ್ಟೇ ಮುಂದುವರಿದರೂ ಪರದೆಯ ಮೇಲೆ ಉಳಿಯುವುದು ನಿರಪಾಯಕಾರಿ ಮಾತು ಮಾತ್ರ.