ಎಲ್ಲರಿಗೂ ‘ಎಲ್’ ಸಾಕೇ?



ಈ ಸಲ ಕ್ರೀಡಾಕೂಟದ ಜೆರ್ಸಿ ಬಗ್ಗೆ ಬರೆಯುತ್ತೇನೆ ಎಂದಾಗ ಸಮಿತಿಯ ಮಿತ್ರರೊಬ್ಬರು, “ಎಂತ ಡಾಕ್ಟ್ರೇ, ನಿಮಗೆ ಬೇರೆ ವಿಷಯ ಸಿಗಲಿಲ್ಲವಾ ಮಾರಾಯ್ರೇ? ಶುಗರು, ಬಿಪಿ ಬಗ್ಗೆ ಬರೀರಿ” ಎಂದರು. ಶುಗರು, ಬಿಪಿ ಬಗ್ಗೆ ವರ್ಷಗಟ್ಟಲೆ ಬರೆದಿದ್ದೇನೆ. ಯಾರೂ ಓದಿದ ಲಕ್ಷಣ ನನ್ನ ಕ್ಲಿನಿಕ್ಕಿನಲ್ಲಂತೂ ಕಾಣುತ್ತಿಲ್ಲ. ಜೆರ್ಸಿಯ ವಿಷಯವನ್ನಾದರೂ ಓದುವಿರೆಂದು ನಂಬಿ ಕೂತಿದ್ದೇನೆ. ಜಗಳಕ್ಕೇ ಬರೆಯುತ್ತಿದ್ದೇನೆ, ಅದರಲ್ಲಿ ಮುಚ್ಚುಮರೆಯಿಲ್ಲ.

ನಮ್ಮಲ್ಲಿ ಜೆರ್ಸಿ ಬರುವ ಪದ್ಧತಿ ನಿಮಗೆಲ್ಲ ಗೊತ್ತೇ ಇದೆ. ಪ್ರಾಯೋಜಕರು ಸಿಕ್ಕಿದ ದಿನವೇ ವಾಟ್ಸಾಪಿನಲ್ಲಿ ಅಪ್ಪಣೆ ಹೊರಡುತ್ತದೆ: “ನಾಳೆ ಸಂಜೆಯೊಳಗೆ ಸೈಜ್ ಕಳಿಸಿ.” ಅರ್ಧ ಜನ ಕಳಿಸುತ್ತಾರೆ. ಉಳಿದವರ ಹೆಸರಿನ ಮುಂದೆ ಸಮಿತಿಯವರು ಅಂದಾಜಿನ ಮೇಲೆ ‘ಎಲ್’ ಎಂದು ಬರೆಯುತ್ತಾರೆ. ಪಟ್ಟಿ ತಿರುಪ್ಪೂರಿಗೋ ಬೆಂಗಳೂರಿಗೋ ಹೋಗುತ್ತದೆ. ಬಟ್ಟೆ ತಯಾರಾಗಿ, ರಜೆ ಮುಗಿಸಿ ಬರುವ ಪುಣ್ಯಾತ್ಮರ ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ, ಹಪ್ಪಳಗಳ ನಡುವೆ ಕೂತು ದಮ್ಮಾಮ್‌ಗೆ ಬರುತ್ತದೆ. ಶುಕ್ರವಾರ ಬೆಳಿಗ್ಗೆ ಮೈದಾನದಲ್ಲಿ ಕಟ್ಟು ಬಿಚ್ಚಿದಾಗ ಹತ್ತಿರ ನಿಂತವರಿಗೆ ಸರಿಯಾದದ್ದು, ದೂರದಿಂದ ಬಂದವರಿಗೆ ಉಳಿದದ್ದು.

ದೂರದಿಂದ ಬರುವವರು ಯಾರು? ಜುಬೈಲಿನ ಕ್ಯಾಂಪಿನ ಹುಡುಗರು. ಹೋದ ವರ್ಷ ನಮಗೆ ಅತಿ ಹೆಚ್ಚು ವಿಕೆಟ್ ತೆಗೆದುಕೊಟ್ಟವನು ಅಲ್ಲಿಯ ಒಬ್ಬ ವೆಲ್ಡರ್. ವಾರವಿಡೀ ದುಡಿದು, ವ್ಯಾನಿಗೆ ತನ್ನ ಪಾಲಿನ ದುಡ್ಡು ಕೊಟ್ಟು, ನೂರು ಕಿಲೋಮೀಟರ್ ದೂರದಿಂದ ಬರುತ್ತಾನೆ. ಐವತ್ತೈದು ಕಿಲೋ ತೂಕದ ಹುಡುಗ. ಅವನಿಗೆ ಸಿಕ್ಕಿದ್ದು ಡಬಲ್ ಎಕ್ಸ್‌ಎಲ್, ಬೆನ್ನ ಮೇಲೆ ಅಂದು ಮೈದಾನಕ್ಕೇ ಬಾರದ ಸಮಿತಿ ಸದಸ್ಯರೊಬ್ಬರ ಹೆಸರು. ತೋಳು ಮೊಣಕೈ ದಾಟುತ್ತಿತ್ತು. ಎರಡು ಸೇಫ್ಟಿ ಪಿನ್ ಹಾಕಿಕೊಂಡು ಬೌಲ್ ಮಾಡಿದ. ನಾನು ಹೋಗಿ “ಏನಪ್ಪಾ ಇದು?” ಎಂದೆ. “ಪರವಾಗಿಲ್ಲ ಡಾಕ್ಟ್ರೇ, ಊರಿಗೆ ಒಂದು ಫೋಟೋ ಕಳಿಸೋಣ ಅಂತಿದ್ದೆ, ಅಷ್ಟೇ” ಎಂದ. ಕಪ್ ಹಿಡಿದ ಗ್ರೂಪ್ ಫೋಟೋದಲ್ಲಿ ಹಿಂದಿನ ಸಾಲಿನಲ್ಲಿ ನಿಂತಿದ್ದಾನೆ, ಕುತ್ತಿಗೆಯಷ್ಟೇ ಕಾಣುತ್ತದೆ. ಅವನ ಅಳತೆಯನ್ನು ಯಾರೂ ಕೇಳಿರಲಿಲ್ಲ. ಅವನ ನಂಬರು ಆ ಗ್ರೂಪಿನಲ್ಲೇ ಇರಲಿಲ್ಲ.

ಈ ವಿಷಯದಲ್ಲಿ ನನಗೆ ಸ್ವಂತ ಅನುಭವವಿದೆ. ಎಂಬಿಬಿಎಸ್ ಮುಗಿಸಿ ಹೊರದೇಶದಲ್ಲಿ ರೆಸಿಡೆನ್ಸಿ ಮಾಡುವಾಗ ಶಸ್ತ್ರಚಿಕಿತ್ಸೆಯ ಹಸಿರು ಬಟ್ಟೆಗಳನ್ನು ಒಂದು ಕಪಾಟಿನಲ್ಲಿ ರಾಶಿ ಹಾಕುತ್ತಿದ್ದರು. ಸೀನಿಯರುಗಳು ಆರಿಸಿಕೊಂಡ ಮೇಲೆ ನಮಗೆ ಉಳಿಯುತ್ತಿದ್ದದ್ದು ಆನೆಗೆ ಹೊಲಿದಂಥವು. ಒಂದು ವರ್ಷ ಒಂದು ಕೈಯಲ್ಲಿ ಪೈಜಾಮ ಹಿಡಿದುಕೊಂಡೇ ವಾರ್ಡಿಗೆ ಓಡಿದ್ದೇನೆ. ನೀನು ಇಲ್ಲಿ ಲೆಕ್ಕಕ್ಕಿಲ್ಲ ಎಂದು ಬಾಯಿಬಿಟ್ಟು ಯಾರೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

“ದೊಡ್ಡದು ತರಿಸಿದರೆ ಎಲ್ಲರಿಗೂ ಆಗುತ್ತದಲ್ಲ” ಎಂಬುದು ಸಮಿತಿಯ ವಾದ. ಆಗುವುದಿಲ್ಲ ಸ್ವಾಮಿ. ಕಬಡ್ಡಿಯಲ್ಲಿ ಜೋಲು ಬಟ್ಟೆ ಎದುರಾಳಿಯ ಕೈಗೆ ಕೊಟ್ಟ ಹಿಡಿಕೆ. ಹಿಡಿದದ್ದು ಸೊಂಟವನ್ನೋ ಬಟ್ಟೆಯನ್ನೋ ಎಂದು ಹೋದ ಸಲ ಅರ್ಧ ಗಂಟೆ ಜಗಳವಾಡಿದ್ದು ನೆನಪಿಲ್ಲವೇ? ಇನ್ನು ಅಕ್ಷರದ ಮೇಲೆ ಭರವಸೆ ಇಡುವುದೇ ತಪ್ಪು. ಒಬ್ಬ ತಯಾರಕನ ‘ಎಂ’ 38 ಇಂಚಾದರೆ ಇನ್ನೊಬ್ಬನದು 40. ಅಮೆರಿಕದ ಬ್ರ್ಯಾಂಡಿನದು ದೊಡ್ಡದು, ಚೀನಾದಿಂದ ಬಂದದ್ದು ಚಿಕ್ಕದು. ಭಾರತೀಯರ ಮೈಗೆ ತಕ್ಕ ನಮ್ಮದೇ ಅಳತೆಪಟ್ಟಿ ಇಲ್ಲವೆಂದೇ ನಿಫ್ಟ್ ಸಂಸ್ಥೆ ಬೆಂಗಳೂರೂ ಸೇರಿದಂತೆ ಆರು ನಗರಗಳಲ್ಲಿ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನರನ್ನು ಅಳೆಯುವ ಯೋಜನೆ ಹಾಕಿಕೊಂಡಿತು. ನಾವು ಅರುವತ್ತು ಜನರನ್ನು ಅಳೆಯಲಾರೆವೇ?

ಅಳತೆಪಟ್ಟಿ ಮಾಡುವವರು ನೋಡುವುದು ಎದೆಯ ಸುತ್ತಳತೆಯನ್ನು. ನಮ್ಮ ತೊಂದರೆ ಇರುವುದು ಅದರ ಕೆಳಗೆ. 2004ರಲ್ಲಿ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಫೋಟೋ ಹಾಕಿ ಒಂದು ಪುಟದ ಲೇಖನ ಬರೆದರು. ಇಬ್ಬರ ಬಿಎಂಐ ಒಂದೇ, 22.3. ಆದರೆ ಮೈಯ ಕೊಬ್ಬು ಯುಡ್ಕಿನ್ ಅವರಲ್ಲಿ ಶೇಕಡಾ 9.1, ನಮ್ಮ ಯಾಜ್ಞಿಕರಲ್ಲಿ 21.2. ನೋಡಲು ಸಣಕಲು, ಒಳಗೆ ಕೊಬ್ಬು, ಅದೂ ಹೊಟ್ಟೆಯಲ್ಲಿ. ಎದೆ 38, ಹೊಟ್ಟೆ 40 ಇರುವ ಗಂಡಸು ಪಟ್ಟಿ ನೋಡಿ ‘ಎಂ’ ತರಿಸಿದರೆ ಭುಜಕ್ಕೆ ಕೂರುತ್ತದೆ, ಹೊಕ್ಕುಳಲ್ಲಿ ಸಿಕ್ಕಿಕೊಳ್ಳುತ್ತದೆ. ಅಂಥವರು ಹೊಟ್ಟೆಯ ಅಳತೆಗೇ ತೆಗೆದುಕೊಳ್ಳಬೇಕು. ಆದರೆ ಹೇಳುವವರು ಯಾರು? ಸೈಜು ಕೇಳಿದರೆ ಮದುವೆಯಲ್ಲಿ ತೊಟ್ಟ ಅಂಗಿಯ ನಂಬರು ಹೇಳುತ್ತಾರೆ. ಸಿಗರೇಟಿನ ಲೆಕ್ಕ ಕೇಳಿದಾಗಲೂ ಇದೇ ಜನ ಅರ್ಧಕ್ಕರ್ಧ ಕಡಿಮೆ ಹೇಳುವುದನ್ನು ನಾನು ದಿನಾ ನೋಡುತ್ತೇನೆ. (ಪ್ರಸಂಗವಶಾತ್: ಗಂಡಸರ ಸೊಂಟ 90 ಸೆಂಟಿಮೀಟರ್, ಹೆಂಗಸರದು 80 ದಾಟಿದರೆ ಜೆರ್ಸಿಯ ಜೊತೆ ರಕ್ತಪರೀಕ್ಷೆಯನ್ನೂ ಮಾಡಿಸಿಕೊಳ್ಳಿ. ನೋಡಿದಿರಾ, ಶುಗರು ಬಂದೇ ಬಂತು.)

ಬಿಗಿಯಾದ ಜೆರ್ಸಿಯ ಬಗ್ಗೆಯೂ ಒಂದು ಮಾತು. ಟಿವಿಯಲ್ಲಿ ಕಾಣುವ ಆಟಗಾರರ ಹಾಗೆ ಮೈಗಂಟಬೇಕು ಎಂಬ ಆಸೆ ನಮ್ಮ ಯುವಕರಿಗೆ. ಒಂದು ಲೀಟರ್ ಬೆವರು ಆವಿಯಾದರೆ ಮೈಯಿಂದ ಸುಮಾರು 580 ಕಿಲೊಕ್ಯಾಲೊರಿ ಶಾಖ ಹೋಗುತ್ತದೆ. ಆವಿಯಾದರೆ ಮಾತ್ರ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಪ್ರಯೋಜನವಿಲ್ಲ. ರಿಯಾದಿನ ಒಣಗಾಳಿ ಬೇರೆ. ನಮ್ಮ ಕಡಲತೀರದಲ್ಲಿ, ಅಭ್ಯಾಸ ಶುರುವಾಗುವ ಸೆಪ್ಟೆಂಬರಿನಲ್ಲಿ, ಗಾಳಿಯೇ ಒದ್ದೆ. ಬಟ್ಟೆಗೂ ಮೈಗೂ ನಡುವೆ ಗಾಳಿ ಆಡಬೇಕು. ಬಡೂಯಿನರು ಬಿಸಿಲಲ್ಲಿ ಕಪ್ಪು ನಿಲುವಂಗಿ ಏಕೆ ತೊಡುತ್ತಾರೆಂದು ಕೆಲವು ವಿಜ್ಞಾನಿಗಳು ಅಳೆದು ನೋಡಿ 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಕಪ್ಪಾಗಲಿ ಬಿಳಿಯಾಗಲಿ, ಸಡಿಲವಾಗಿದ್ದರೆ ಚರ್ಮಕ್ಕೆ ತಲಪುವ ಶಾಖ ಒಂದೇ ಎಂದು ಕಂಡಿತು. ಹಾಗೆಂದು ನಿಲುವಂಗಿ ತೊಟ್ಟು ಬೌಲ್ ಮಾಡಿ ಎನ್ನುತ್ತಿಲ್ಲ. ಕ್ರಿಕೆಟ್ಟಿಗೆ ಎದೆಯಳತೆಗಿಂತ ನಾಲ್ಕು ಇಂಚು, ಕಬಡ್ಡಿಗೆ ಎರಡು ಇಂಚು ಹೆಚ್ಚಿರಲಿ ಎಂಬುದು ನನ್ನ ಲೆಕ್ಕ.

ಇನ್ನು ಹೆಂಗಸರ ಥ್ರೋಬಾಲ್ ತಂಡ. ಇವರಿಗೆ ಪ್ರತಿ ವರ್ಷ ಗಂಡಸರಿಗೆ ಹಂಚಿ ಮಿಕ್ಕ ಜೆರ್ಸಿಗಳು. ಭುಜ ಇಳಿಬೀಳುತ್ತದೆ, ಸೊಂಟದಲ್ಲಿ ಬಿಗಿಯುತ್ತದೆ, ಕತ್ತು ಎಷ್ಟು ಅಗಲವೆಂದರೆ ಬಗ್ಗಿ ಚೆಂಡು ಎತ್ತಲು ಸಂಕೋಚ. ಹೋದ ಸಲ ಅರ್ಧ ತಂಡ ಒಳಗೊಂದು ಚೂಡಿದಾರದ ಟಾಪ್ ತೊಟ್ಟೇ ಆಡಿತು. ಭಾರತ ತಂಡದವರದ್ದೇ ಇದೇ ಪಾಡಾಗಿತ್ತು. 2017ರಿಂದ 2019ರವರೆಗೆ ಬಿಸಿಸಿಐ ಆಡಳಿತ ಸಮಿತಿಯ ಮುಖ್ಯಸ್ಥರಾಗಿದ್ದ ವಿನೋದ್ ರಾಯ್, ಗಂಡಸರ ಸಮವಸ್ತ್ರಗಳನ್ನೇ ಕತ್ತರಿಸಿ ಹೆಂಗಸರಿಗೆ ಹೊಲಿದುಕೊಡುತ್ತಿದ್ದರೆಂದು ತಿಳಿದು ಗಾಬರಿಯಾಯಿತೆಂದು 2022ರಲ್ಲಿ ಹೇಳಿದರು. ನಮ್ಮ ಕಡೂರಿನ ವೇದಾ ಕೃಷ್ಣಮೂರ್ತಿ, ವಿಜಯಪುರದ ರಾಜೇಶ್ವರಿ ಗಾಯಕವಾಡ್ ಲಾರ್ಡ್ಸ್‌ನಲ್ಲಿ ವಿಶ್ವಕಪ್ ಫೈನಲ್ ಆಡಿದ್ದು ಅದೇ 2017ರಲ್ಲಿ. 2025ರ ನವೆಂಬರಿನಲ್ಲಿ ನಮ್ಮ ಹೆಣ್ಣುಮಕ್ಕಳು ಆ ಕಪ್ಪನ್ನು ಗೆದ್ದೇ ಬಿಟ್ಟರು. ಇಲ್ಲಿಯ ಸರ್ಕಾರವೂ 2017ರಲ್ಲಿ ಸರ್ಕಾರಿ ಶಾಲೆಯ ಹುಡುಗಿಯರಿಗೆ ವ್ಯಾಯಾಮದ ಪಾಠ ತಂದು, 2018ರ ಜನವರಿಯಲ್ಲಿ ಹೆಂಗಸರಿಗೆ ಸ್ಟೇಡಿಯಮ್ಮಿನ ಬಾಗಿಲು ತೆರೆಯಿತು. ನಮ್ಮ ಸಂಘ ಮಾತ್ರ ಮಿಕ್ಕಿದ್ದನ್ನು ಕೊಟ್ಟು, ವೇದಿಕೆಯಲ್ಲಿ ಮಹಿಳಾಶಕ್ತಿಯ ಭಾಷಣ ಮಾಡುತ್ತಿದೆ.

ಮಕ್ಕಳ ವಿಷಯ ಸುಲಭ. ವಯಸ್ಸು ನೋಡಬೇಡಿ, ಎತ್ತರ ಅಳೆಯಿರಿ. ನಾಲ್ಕನೇ ಕ್ಲಾಸಿನ ಎರಡು ಮಕ್ಕಳನ್ನು ಪಕ್ಕಪಕ್ಕ ನಿಲ್ಲಿಸಿದರೆ ತಿಳಿಯುತ್ತದೆ. ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯುತ್ತವೆ, ಆದ್ದರಿಂದ ಉದ್ದದಲ್ಲಿ ಸ್ವಲ್ಪ ಬಿಡಿ, ಭುಜದಲ್ಲಿ ಬೇಡ.

ಖರ್ಚಿನ ಮಾತು ತೆಗೆಯುವವರಿಗೆ ನನ್ನ ಉತ್ತರವಿದು. ಈಗಿನ ಜೆರ್ಸಿಗಳಲ್ಲಿ ಹೆಸರು, ನಂಬರು, ಪ್ರಾಯೋಜಕರ ಗುರುತು ಎಲ್ಲವನ್ನೂ ಪಾಲಿಯೆಸ್ಟರ್ ತುಂಡಿನ ಮೇಲೆ ಶಾಖದಿಂದ ಅಚ್ಚೊತ್ತಿ ಆಮೇಲೆ ಹೊಲಿಯುತ್ತಾರೆ. ಒಮ್ಮೆ ಅಚ್ಚಾದ ಮೇಲೆ ಅಂಗಡಿಯವನು ವಾಪಸು ತೆಗೆದುಕೊಳ್ಳುವುದಿಲ್ಲ. ಅದೂ ಸಮುದ್ರ ದಾಟಿ ಬಂದ ಸರಕು. ಸಂಘದ ಕಪಾಟಿನಲ್ಲಿ ಇವತ್ತಿಗೂ ಯಾರಿಗೂ ಆಗದ ಇಪ್ಪತ್ತಮೂರು ಜೆರ್ಸಿ ಬಿದ್ದಿವೆ, ಹೋಗಿ ಎಣಿಸಿ ಬಂದಿದ್ದೇನೆ. ಟೇಪಿಗೆ ಸೀಕೋದ ಅಂಗಡಿಯಲ್ಲಿ ಎರಡೋ ಮೂರೋ ರಿಯಾಲ್. ಒಬ್ಬರಿಗೆ ಎರಡು ನಿಮಿಷವೆಂದರೂ ಅರುವತ್ತು ಜನರಿಗೆ ಎರಡು ಗಂಟೆ. ಪ್ರಾಯೋಜಕರ ಗುರುತು ಎದೆಯ ಎಡಕ್ಕಿರಬೇಕೋ ಬಲಕ್ಕಿರಬೇಕೋ ಎಂದು ಕಳೆದ ಸಭೆಯಲ್ಲಿ ಇದಕ್ಕಿಂತ ಹೆಚ್ಚು ಹೊತ್ತು ಚರ್ಚಿಸಿದ್ದೇವೆ.

ಬರುವ ಶುಕ್ರವಾರ ಬೆಳಿಗ್ಗೆ ಆರೂವರೆಗೆ ಎರಡು ಟೇಪು ಹಿಡಿದು ಮೈದಾನದಲ್ಲಿರುತ್ತೇನೆ. ಹೆಂಗಸರ ಅಳತೆಯನ್ನು ನಮ್ಮ ಮನೆಯವರು ಪಕ್ಕದ ಕೋಣೆಯಲ್ಲಿ ತೆಗೆಯುತ್ತಾರೆ. ನಿಮಗೆ ಸರಿಯಾಗಿ ಕೂರುವ ಹಳೇ ಟೀ ಶರ್ಟ್ ಇದ್ದರೆ ತನ್ನಿ. ಮೇಜಿನ ಮೇಲೆ ಹಾಸಿ ಕಂಕುಳಿಂದ ಕಂಕುಳಿಗೆ ಅಳೆದು ಎರಡರಿಂದ ಗುಣಿಸಿದರೆ ಅದೇ ಸರಿಯಾದ ಲೆಕ್ಕ. ಮೊದಲ ಸರದಿ ಜುಬೈಲ್ ವ್ಯಾನಿನವರದು, ಅವರ ಹೆಸರುಗಳನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳುತ್ತೇನೆ. ಆಮೇಲೆ ಹೆಂಗಸರು, ಮಕ್ಕಳು. ಸಮಿತಿಯವರದು ಕೊನೆಗೆ. ದಯವಿಟ್ಟು ಆಗ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಳ್ಳಬೇಡಿ.