ಮಳೆ ಬೀಟಲ್ಸ್‌ದು ಸರಿ, ಬಿತ್ತಿದ್ದು ಯಾರು?

ಮೊನ್ನೆ ಕ್ಯಾಂಟೀನಿನಲ್ಲಿ ಊಟ ಮಾಡುವಾಗ ಗೆಳೆಯನೊಬ್ಬ ಶುರು ಹಚ್ಚಿಕೊಂಡ. "ಗ್ಯಾರೇಜ್ ರಾಕ್ ಹುಟ್ಟಿದ್ದೇ ಬೀಟಲ್ಸ್‌ನಿಂದ ಮಾರಾಯ. ಅವರು ಅಮೆರಿಕದ ಟೀವಿಯಲ್ಲಿ ಬಂದ್ರು, ಮಾರನೇ ದಿನ ಅಲ್ಲಿನ ಹುಡುಗರೆಲ್ಲ ಗಿಟಾರ್ ಹಿಡ್ಕೊಂಡು ಅಪ್ಪನ ಗ್ಯಾರೇಜಿಗೆ ನುಗ್ಗಿದ್ರು. ಅಷ್ಟೇ ಕಥೆ." ಈ 'ಅಷ್ಟೇ ಕಥೆ'ಯನ್ನು ಕೇಳಿ ಕೇಳಿ ಸಾಕಾಗಿದೆ. ಅಲ್ಲಿ ಜಗಳ ಆಡಲಿಲ್ಲ, ಸಾಂಬಾರ್ ಆರಿ ಹೋಗ್ತಿತ್ತು. ಇಲ್ಲಿ ಆಡ್ತೀನಿ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳಿಬಿಡ್ತೀನಿ. ಅರವತ್ತರ ದಶಕದಲ್ಲಿ ಅಮೆರಿಕದ ಹೈಸ್ಕೂಲು, ಕಾಲೇಜು ಹುಡುಗರು ಗಿಟಾರಿನಲ್ಲಿ ಮೂರೇ ಮೂರು ಕಾರ್ಡ್ ಕಲಿತು, ಗಂಟಲು ಹರಿಯುವ ಹಾಗೆ ಕಿರುಚಿ, ಊರಿನ ಸಣ್ಣ ಸ್ಟುಡಿಯೋಗಳಲ್ಲಿ ರೆಕಾರ್ಡ್ ಮಾಡಿದ ಒರಟು ಸಂಗೀತ ಇದು. 'ಗ್ಯಾರೇಜ್' ಅನ್ನೋ ಹೆಸರು ಅಂಟಿದ್ದು ಆಮೇಲೆ.

ಈಗ ತಾರೀಖು ನೋಡೋಣ. ಬೀಟಲ್ಸ್ ಎಡ್ ಸಲಿವನ್ ಶೋನಲ್ಲಿ ಬಂದದ್ದು 1964ರ ಫೆಬ್ರವರಿ 9ರಂದು. ಸುಮಾರು 7.3 ಕೋಟಿ ಜನ ನೋಡಿದರು. ಒಪ್ಪಿದೆ. ಆದರೆ ಪೋರ್ಟ್‌ಲ್ಯಾಂಡಿನ ಕಿಂಗ್ಸ್‌ಮೆನ್ ಎಂಬ ಹುಡುಗರ ತಂಡ 'ಲೂಯಿ ಲೂಯಿ' ರೆಕಾರ್ಡ್ ಮಾಡಿದ್ದು 1963ರ ಏಪ್ರಿಲ್‌ನಲ್ಲಿ. ಡಿಸೆಂಬರ್ ಹೊತ್ತಿಗೆ ಅದು ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎರಡನೇ ಸ್ಥಾನ ಮುಟ್ಟಿತ್ತು. ಗ್ಯಾರೇಜ್ ರಾಕ್‌ಗೆ ಇದಕ್ಕಿಂತ ದೊಡ್ಡ ಹಾಡು ಯಾವುದಿದೆ ಹೇಳಿ? ಫೆಬ್ರವರಿಯಲ್ಲಿ ಬಂದವರು ಹಿಂದಿನ ಡಿಸೆಂಬರಿನ ಕೆಲಸಕ್ಕೆ ಕಾರಣ ಹೇಗಾಗ್ತಾರೆ ಸ್ವಾಮಿ?

ಇನ್ನೂ ಹಿಂದಕ್ಕೆ ಹೋಗಿ. ಕಿಂಗ್ಸ್‌ಮೆನ್ ಆ ಹಾಡನ್ನು ಎತ್ತಿಕೊಂಡದ್ದು ಟಕೋಮಾದ ವೇಲರ್ಸ್ ತಂಡದಿಂದ. ವೇಲರ್ಸ್ ಜೊತೆ ರಾಕಿನ್ ರಾಬಿನ್ ರಾಬರ್ಟ್ಸ್ ಅದನ್ನು 1961ರಲ್ಲೇ ಹಾಡಿದ್ದ. ಈ ಹುಡುಗರು 1959ರಲ್ಲಿ 'ಟಾಲ್ ಕೂಲ್ ಒನ್' ಮೂಲಕ ದೇಶಕ್ಕೆಲ್ಲ ಗೊತ್ತಾಗಿದ್ದರು. ಎಟಿಕೆಟ್ ಅಂತ ಸ್ವಂತ ರೆಕಾರ್ಡ್ ಕಂಪನಿಯನ್ನೂ ತೆರೆದರು. ಅದೇ ಟಕೋಮಾದ ಸಾನಿಕ್ಸ್ ತಂಡದ 'ದಿ ವಿಚ್' 1964ರಲ್ಲಿ ಹೊರಬಂದದ್ದು ಇದೇ ಕಂಪನಿಯಿಂದ.

ಇನ್ನೂ ಹಿಂದೆ? 1957. ಲಾಸ್ ಏಂಜಲೀಸ್‌ನ ಕಪ್ಪು ಗಾಯಕ ರಿಚರ್ಡ್ ಬೆರ್ರಿ. ಹಾಡು ಬರೆದದ್ದು ಈತ. ರೆನೇ ತೂಝೆ ಎಂಬ ಕ್ಯೂಬಾದ ಸಂಗೀತಗಾರನ ಚಾ ಚಾ ಕೇಳಿ ಅದರ ತಾಳ ಹಿಡಿದು ಬರೆದ. ಮದುವೆ ಖರ್ಚಿಗೆ ಅಂತ ಹಾಡಿನ ಹಕ್ಕುಗಳನ್ನು, ಬೇರೆ ನಾಲ್ಕು ಹಾಡುಗಳ ಜೊತೆ, 750 ಡಾಲರಿಗೆ ಮಾರಿಬಿಟ್ಟ. ಎಂಬತ್ತರ ದಶಕದಲ್ಲಿ ಕಾನೂನಿನ ನೆರವು ಸಿಗುವ ತನಕ ಆ ಹಾಡು ತಂದ ಸಂಪತ್ತು ಬೇರೆಯವರ ಪಾಲು. ತಮಾಷೆ ನೋಡಿ, ಊರಿನ ಹುಡುಗಿಯನ್ನು ನೆನೆಯುವ ನಾವಿಕನ ಪಾಪದ ಹಾಡು ಅದು. ಕಿಂಗ್ಸ್‌ಮೆನ್ ಹಾಡಿದ ತೊದಲಿನಲ್ಲಿ ಅಶ್ಲೀಲ ಇದೆ ಅಂತ ಎಫ್‌ಬಿಐ ತನಿಖೆಯನ್ನೇ ಮಾಡಿತು. ಕೊನೆಗೆ, ಏನು ಹಾಡಿದಾನೋ ಅರ್ಥ ಆಗ್ತಿಲ್ಲ ಅಂತ ಕೈಬಿಟ್ಟಿತು!

ಆ ಒರಟು ಗಿಟಾರ್ ಸದ್ದು? ಅದಕ್ಕೆ 1958ರ 'ರಂಬಲ್' ಕೇಳಿ. ಬಾರಿಸಿದ್ದು ಶಾನಿ ಬುಡಕಟ್ಟಿನ ಮೂಲದ ಲಿಂಕ್ ರೇ. ಸದ್ದು ಒಡೆಯಲಿ ಅಂತ ಆಂಪ್ಲಿಫಯರ್ ಸ್ಪೀಕರಿಗೇ ತೂತು ಹಾಕಿದ ಪುಣ್ಯಾತ್ಮ. ಆ ಹಾಡಿನಲ್ಲಿ ಒಂದು ಪದವೂ ಇಲ್ಲ, ಆದರೂ ಕೆಲವು ರೇಡಿಯೋ ಕೇಂದ್ರಗಳು ಹೆದರಿ ನಿಷೇಧಿಸಿದವು.

ಹಾಗಂತ ಬೀಟಲ್ಸ್ ಏನೂ ಮಾಡಲಿಲ್ಲ ಅಂತ ನಾನು ಹೇಳ್ತಿಲ್ಲ. ಆ ಭಾನುವಾರದ ನಂತರ ಊರೂರಿಗೂ ತಂಡಗಳು ಎದ್ದವು. ಅದು ಮಳೆ. ಮಳೆ ಇಲ್ಲದೆ ಅಷ್ಟು ಬೆಳೆ ಬರ್ತಿರಲಿಲ್ಲ. ಆದರೆ ಬೀಜ ನೆಲದಲ್ಲಿತ್ತು. ಅಷ್ಟಕ್ಕೂ ಬೀಟಲ್ಸ್ ಕಲಿತದ್ದು ಯಾರಿಂದ? ಚಕ್ ಬೆರ್ರಿ, ಲಿಟಲ್ ರಿಚರ್ಡ್‌ರಿಂದ. ಮನೆಯ ಮಾಲೇ ಲಿವರ್‌ಪೂಲಿಗೆ ಹೋಗಿ ವಾಪಸ್ ಬಂದಾಗ 'ಫಾರಿನ್ ಮಾಲು' ಆಯ್ತು, ಅಷ್ಟೇ.

ಮತ್ತೆ ಈ ತಪ್ಪು ಕಥೆ ಯಾಕೆ ಗಟ್ಟಿಯಾಗಿ ಕೂತಿದೆ? 1972ರಲ್ಲಿ ಲೆನ್ನಿ ಕೇ 'ನಗೆಟ್ಸ್' ಅಂತ 27 ಹಾಡುಗಳ ಸಂಕಲನ ತಂದ. ಮರೆತವರನ್ನು ನೆನಪಿಸಿದ ಅದ್ಭುತ ಕೆಲಸ. ಆದರೆ ಮುಖಪುಟದಲ್ಲಿ ಹಾಕಿದ ವರ್ಷಗಳು 1965ರಿಂದ 1968. ಸಂಕಲನದ ಮಿತಿಯನ್ನೇ ನಾವು ಜನ್ಮಪತ್ರಿಕೆ ಅಂದುಕೊಂಡೆವು.

ಇನ್ನೊಂದು ಕಾರಣ ಆ 'ಗ್ಯಾರೇಜ್' ಪದವೇ. ನಮ್ಮ ಸಾಫ್ಟ್‌ವೇರ್ ಮಂದಿಗಂತೂ ಈ ಪದದ ಮೇಲೆ ಮೋಹ. ಇಬ್ಬರು ಹುಡುಗರು, ಒಂದು ಗ್ಯಾರೇಜು, ಶೂನ್ಯದಿಂದ ಸೃಷ್ಟಿ! ನನ್ನ ಮೊದಲ ಕೆಲಸದಲ್ಲಿ ಆರು ತಿಂಗಳು ನಿದ್ದೆಗೆಟ್ಟು ಒಂದು ಮಾಡ್ಯೂಲ್ ಬರೆದಿದ್ದೆ. ಆಮೇಲೆ ಬಂದವರು ಮೇಲಿದ್ದ ನನ್ನ ಹೆಸರಿನ ಸಾಲು ಅಳಿಸಿ, ನಾಲ್ಕು ಬಣ್ಣ ಬಳಿದು, "ಎಲ್ಲ ಹೊಸದಾಗಿ ಬರೆದ್ವಿ" ಅಂತ ಮೀಟಿಂಗಿನಲ್ಲಿ ಚಪ್ಪಾಳೆ ಗಿಟ್ಟಿಸಿದರು. ನಾನು ಕಳಕೊಂಡದ್ದು ಒಂದು ಚಪ್ಪಾಳೆ. ರಿಚರ್ಡ್ ಬೆರ್ರಿ ಕಳಕೊಂಡದ್ದು ಕಾಲು ಶತಮಾನದ ಸಂಪಾದನೆ.

ಗ್ಯಾರೇಜು ಯಾವತ್ತೂ ಖಾಲಿ ಇರಲ್ಲ ಕಣ್ರೀ. ಒಳಗೆ ಯಾರೋ ಇಟ್ಟು ಹೋದ ಸಾಮಾನು ಇದ್ದೇ ಇರುತ್ತೆ. ಮುಂದಿನ ಸಲ 'ಲೂಯಿ ಲೂಯಿ' ಕಿವಿಗೆ ಬಿದ್ದಾಗ ಪಕ್ಕದವರಿಗೆ ರಿಚರ್ಡ್ ಬೆರ್ರಿ ಹೆಸರು ಹೇಳಿ. ಹೆಸರು ಹೇಳೋದಕ್ಕೆ 750 ಡಾಲರ್ ಏನೂ ಬೇಕಾಗಿಲ್ಲ.